‘ಇಲ್ಲ’ ಎನ್ನಲು ಹೊರಟ ಕಾರ್ಪಿಯೊ

ಈ ಕ್ರಿಸ್‌ಮಸ್ಸಿಗೆ ತಾನು ಕ್ರೂರಿಯಾಗಲೇಬೇಕು ಎಂದು ಕಾರ್ಪಿಯೊ ಪಣ ತೊಟ್ಟುಬಿಟ್ಟ!

ಅಂತಿಂಥ ಕ್ರೂರಿಯಲ್ಲ. ತುಂಬು ಬಸುರಿಯನ್ನು ಹೊಸ್ತಿಲಾಚೆಗೇ ನಿಲ್ಲಿಸಿ, ‘ಜಾಗವಿಲ್ಲ, ಮುಂದೆ ನಡೆ’ ಎನ್ನುವಷ್ಟು ಕ್ರೂರಿ. ಮನಿಲಾ ಬಳಿಯ ಬುಲಕಾನ್ ಸೀಮೆಯ ಆ ಊರಿನಲ್ಲಿ ಕ್ರಿಸ್‌ಮಸ್ಸಿನ ಹಿಂದಿನ ದಿನ ಮುಸ್ಸಂಜೆಗೆ ಬೆತ್ಲೆಹೇಮಿನಲ್ಲಿ ತಂಗಲು ಜಾಗ ಸಿಗದೆ ಅಲೆದ ಜೋಸೆಫ್ ಮರಿಯರ ವೇಷ ಹಾಕಿದ ಇಬ್ಬರು ಬೀದಿಗೆ ಇಳಿಯುತ್ತಾರೆ. ಅವರ ಬೆನ್ನಿಗೆ ಊರಿಗೆ ಊರೇ ಮೇಣದಬತ್ತಿ ಹಿಡಿದು ನಡೆಯುತ್ತದೆ. ಮೂರು ಮನೆಗಳ ಮುಂದೆ ನಿಂತು, ತಂಗಲು ಜಾಗ ಕೊಡಿ ಎಂದು ಅವರು ಹಾಡಿನಲ್ಲಿ ಬೇಡಬೇಕು. ಮೂರೂ ಮನೆಗಳ ಯಜಮಾನರು ಹಾಡಿನಲ್ಲೇ ಅಟ್ಟಬೇಕು. ಕೊನೆಗೆ ಇಗರ್ಜಿಯ ಬಾಗಿಲು ತೆರೆಯುತ್ತದೆ, ಗೋದಲಿಯ ಹುಲ್ಲಿನ ಮೇಲೆ ಮರಿಯ ಕೂರುತ್ತಾಳೆ, ಬಲಿಪೂಜೆ ಶುರುವಾಗುತ್ತದೆ. ಈ ಸಲ ಚೀಟಿ ಎತ್ತಿದಾಗ ಮೊದಲ ಮನೆಯಾಗಿ ಬಂದದ್ದು ಕ್ಷೌರದಂಗಡಿ ಕಾರ್ಪಿಯೊನದು.

“ನೋಡ್ತಾ ಇರು ಲೂಮಿಂಗ್! ನಾನು ‘ಇಲ್ಲ’ ಅಂದ್ರೆ ಮನಿಲಾದಲ್ಲಿ ಕೂತವರೂ ಎದ್ದು ನಿಲ್ಲಬೇಕು! ಇಂಥ ಕಲ್ಲೆದೆಯ ಯಜಮಾನನ್ನ ಬೆತ್ಲೆಹೇಮೇ ಕಂಡಿರಬಾರದು!”

ಹೆಂಡತಿ ಲೂಮಿಂಗ್ ಬಾಳೆಲೆ ಬಾಡಿಸುತ್ತಿದ್ದವಳು ತಲೆಯೆತ್ತಿದಳು. “ಅಂದ್ರೆ ಆವತ್ತು ನಮ್ಮನೆ ಒಳಗೆ ಯಾರೂ ಬರೋ ಹಾಗಿಲ್ಲ?”

“ಒಂದು ನೊಣವೂ ಬರೋ ಹಾಗಿಲ್ಲ!”

“ಇಗರ್ಜಿಯ ನಿಯಮಾನೇ ಹಾಗೆ?”

“ಶತಮಾನಗಳ ಸಂಪ್ರದಾಯ!”

ಲೂಮಿಂಗ್ ಎಲೆಯನ್ನು ಕೆಳಗಿಟ್ಟು ಶಿಲುಬೆಯ ಗುರುತು ಮಾಡಿಕೊಂಡಳು. “ದೇವರು ಇದ್ದಾನೆ” ಎಂದಳು.

ಅವಳ ಭಕ್ತಿಗೆ ಕಾರಣವಿತ್ತು. ಆ ಊರಿನಲ್ಲಿ ಊಟಕ್ಕೆ ಕೂತವರು ದಾರಿಹೋಕರನ್ನು ಕಂಡರೆ “ಬನ್ನಿ, ಊಟ ಮಾಡೋಣ” ಎನ್ನುವುದು ಪದ್ಧತಿ. “ಈಗಷ್ಟೇ ಆಯ್ತು” ಎಂದು ಹೊಟ್ಟೆ ಸವರಿಕೊಂಡು ಮುಂದೆ ಹೋಗುವುದೂ ಪದ್ಧತಿ. ಹೀಗೆ ಕರೆದವರ ಮಾನವೂ ಉಳಿಯುತ್ತದೆ, ಅನ್ನವೂ ಉಳಿಯುತ್ತದೆ. ಕಾರ್ಪಿಯೊ ಮಾತ್ರ ಈ ಒಪ್ಪಂದವನ್ನು ಮುರಿದವನು. ಅವನು ಬೀದಿಗಿಳಿದು ರಟ್ಟೆ ಹಿಡಿದು ಎಳೆದುಕೊಂಡು ಬರುತ್ತಿದ್ದ. ತಂದು ಕೂರಿಸಿ, ಅಡುಗೆಮನೆಯ ಕಡೆ ಮುಖ ಮಾಡಿ, “ಲೂಮಿಂಗ್, ಇನ್ನೊಂದು ತಟ್ಟೆ!” ಎಂದು ಕೂಗಿದರೆ ಅವನ ಅತಿಥಿಸತ್ಕಾರ ಮುಗಿಯಿತು. ಊರಿಗೆಲ್ಲ ಅವನ ಔದಾರ್ಯದ್ದೇ ಮಾತು. ‘ಮಾಂಗ್ ಕಾರ್ಪಿಯೊನ ಮನೆಯ ಬಾಗಿಲು ಮುಚ್ಚಿದ್ದನ್ನು ಯಾರೂ ನೋಡಿಲ್ಲ’ ಎನ್ನುತ್ತಿದ್ದರು. (ಹಿರಿಯ ಗಂಡಸರಿಗೆ ‘ಮಾಂಗ್’, ಹೆಂಗಸರಿಗೆ ‘ಆಲಿಂಗ್’ ಎನ್ನುವುದು ಅಲ್ಲಿಯ ಮರ್ಯಾದೆ.) ನಿಜ. ಆ ಬಾಗಿಲಿನಿಂದ ಲೂಮಿಂಗ್ ಹೊರಗೆ ಹೋದದ್ದನ್ನೂ ಯಾರೂ ನೋಡಿರಲಿಲ್ಲ.

ಮದುವೆಯಾಗಿ ಇಪ್ಪತ್ತಮೂರು ಕ್ರಿಸ್‌ಮಸ್ ಕಳೆದಿದ್ದವು. ಒಂದು ವರ್ಷವೂ ಅವಳು ಹಬ್ಬದ ಪೂಜೆಯನ್ನು ಮೊದಲಿನಿಂದ ಕಂಡವಳಲ್ಲ. ಕರೆಯದೆ ಬಂದವರಿಗೆ ಬಡಿಸಿ, ಕರೆದು ತಂದವರಿಗೆ ಬಡಿಸಿ, ತಟ್ಟೆ ತೊಳೆದು ಓಡುವ ಹೊತ್ತಿಗೆ ಜನ ಪ್ರಸಾದಕ್ಕೆ ಸಾಲು ನಿಂತಿರುತ್ತಿದ್ದರು. ಒಂದು ವರ್ಷವಂತೂ ದೀಪ ಆರಿಸುವವನು ಮಾತ್ರ ಸಿಕ್ಕಿದ್ದ.

“ಈ ವರ್ಷ ನಾನು ಮೊದಲ ಹಾಡಿಗೇ ಕೂತಿರಬೇಕು” ಎಂದಳು ಲೂಮಿಂಗ್. “ಸ್ನಾನ ಮಾಡಿ, ತಲೆ ಬಾಚಿ, ಹಳದಿ ಫ್ರಾಕ್ ಹಾಕ್ಕೊಂಡು, ಮೊದಲ ಸಾಲಲ್ಲಿ. ಬೇರೇನೂ ಬೇಡ ನಂಗೆ.”

“ಅಷ್ಟೇ ತಾನೆ? ರಾಣಿ ಹಾಗೆ ಹೋಗು! ಬಾಗಿಲಲ್ಲಿ ನಾನಿದ್ದೀನಿ!”

ಕಾರ್ಪಿಯೊನ ತಾಲೀಮು ಅಂದೇ ಶುರುವಾಯಿತು. ನಾಲ್ಕು ಸಾಲಿನ ಪದ್ಯ:

ಇಲ್ಲ, ಇಲ್ಲ, ಜಾಗವಿಲ್ಲ, ಮುಂದೆ ನಡೆಯಿರಿ!
ಹೊತ್ತು ಮೀರಿ ಬಂದು ನನ್ನ ಕದವ ಬಡಿಯದಿರಿ!
ಸಿರಿವಂತರ ಹಿಂಡೇ ಬಂದು ತುಂಬಿದೆ ಮನೆ,
ನಿಮಗೆ ಕೊಡಲು ಇಲ್ಲ ಇಲ್ಲಿ ಹಿಡಿ ಹುಲ್ಲಿನ ಗೊನೆ!

ಹುಲ್ಲಿಗೆ ಗೊನೆ ಇರುತ್ತದೆಯೇ ಎಂದು ಯಾರೂ ಕೇಳಲಿಲ್ಲ, ಪ್ರಾಸ ಚೆನ್ನಾಗಿತ್ತು. ಅಂಗಡಿಯಲ್ಲಿ ಗಿರಾಕಿಯ ಕೊರಳಿಗೆ ನೊರೆ ಬಳಿದು, ಕತ್ತಿ ಎತ್ತಿ ಹಿಡಿದು, “ಇಲ್ಲ, ಇಲ್ಲ!” ಎಂದು ಗರ್ಜಿಸುತ್ತಿದ್ದ. ಅರ್ಧ ಗಡ್ಡದಲ್ಲೇ ಎದ್ದು ಓಡಿದವರು ಇಬ್ಬರು. ನಕಾರ ಕಲಿಯಲು ಹೋಗಿ ನಖರಾ ಕಲಿತ ಎಂದು ಊರವರು ನಕ್ಕರು. ಮನೆಯಲ್ಲಿ ಲೂಮಿಂಗ್ ಬೆಳ್ಳುಳ್ಳಿ ಸುಲಿಯುತ್ತ ಜೋಸೆಫನಾಗುತ್ತಿದ್ದಳು, ಅಕ್ಕಿ ಆರಿಸುತ್ತ ಮರಿಯಳಾಗುತ್ತಿದ್ದಳು, ಅವನು ಸಾಲು ಮರೆತಾಗ ಸೌದೆ ಮುರಿಯುತ್ತ ನೆನಪಿಸುತ್ತಿದ್ದಳು. ಕಿಟಕಿಯ ಪರದೆ ಬಿಚ್ಚಿ ನಿಲುವಂಗಿ ಹೊಲಿದವಳೂ ಅವಳೇ. ಗಡ್ಡ ಮಾತ್ರ ಅವನ ಸ್ವಂತ ಸೃಷ್ಟಿ. ಅಂಗಡಿಯ ನೆಲ ಗುಡಿಸಿದ ಕೂದಲನ್ನು ಗೋಂದಿನಲ್ಲಿ ಅಂಟಿಸಿ ಮಾಡಿದ್ದು. ಕಪ್ಪು, ಬಿಳಿ, ಗುಂಗುರು, ನೇರ, ಇಡೀ ಊರೇ ಆ ಗಡ್ಡದಲ್ಲಿತ್ತು!

ಹಬ್ಬದ ಹಿಂದಿನ ಸಂಜೆ ಬಂತು. ಸಂಜೆಯ ಹೊತ್ತಿಗೇ ಲೂಮಿಂಗ್ ಅಡುಗೆ ಮುಗಿಸಿದ್ದಳು. ಪೂಜೆ ಮುಗಿದ ಮೇಲೆ ಮಾಡುವ ಹಬ್ಬದೂಟಕ್ಕೆ ಅವಳ ಇಬ್ಬರು ತಂಗಿಯರ ಸಂಸಾರ ಬರುವುದಿತ್ತು, ಒಟ್ಟು ಎಂಟು ಜನ. ಎಂಟು ಜನಕ್ಕೆ ಅಳೆದು ಮಾಡಿದ ಅಡುಗೆ. ಸಕ್ಕರೆ ಪಾಕ ಬಳಿದು ಸುಟ್ಟ ಹಂದಿ ತೊಡೆ, ಒಂದು ಬಾಣಲೆ ಶ್ಯಾವಿಗೆ, ಬಾಳೆಲೆಯಲ್ಲಿ ಕಟ್ಟಿದ ಅಂಟಕ್ಕಿ ಕಡುಬು, ಕೆಂಪು ಮೇಣ ಮೆತ್ತಿದ ಚೀಸ್ ಉಂಡೆ. ಎಲ್ಲಕ್ಕೂ ಮುಸುಕು ಹೊದಿಸಿ, ಸ್ನಾನ ಮಾಡಿ, ಗುಂಗುರಾಗಲೆಂದು ಕೂದಲಿಗೆ ಹನ್ನೆರಡು ಸುರುಳಿ ಸುತ್ತಿಕೊಂಡು, ಕುರ್ಚಿಯಲ್ಲಿ ಕೂತು ಕಾಲು ಚಾಚಿದಳು. ಆ ಮನೆಯಲ್ಲಿ ಅವಳು ಕಾಲು ಚಾಚಿದ್ದನ್ನು ಕಂಡು ಬೆಕ್ಕು ಕೂಡ ಎದ್ದು ನೋಡಿತು.

ಫಾದರ್ ಸಿಲ್ವೆರಿಯೊಗೆ ಮಂಡಿನೋವು. ಹಾಗಾಗಿ ನಡುರಾತ್ರಿಯ ಪೂಜೆ ಎಂಟೂವರೆಗೇ ಸರಿದಿತ್ತು. ಆರೂವರೆಗೆ ಬೀದಿ ಕೊನೆಯಲ್ಲಿ ಮೇಣದಬತ್ತಿಗಳು ಕಂಡವು. ಕಾರ್ಪಿಯೊ ಬಾಗಿಲು ಮುಚ್ಚಿ, ಅದರ ಹಿಂದೆ ನಿಂತು, ಎದೆ ಉಬ್ಬಿಸಿ, ಹುಬ್ಬು ಗಂಟಿಕ್ಕಿದ. ಹೊರಗೆ ಗಿಟಾರ್ ನಿಂತಿತು. ಜನರ ಸದ್ದಡಗಿತು.

ಈಗ ಜೋಸೆಫ್ ಹಾಡಬೇಕು.

ಜೋಸೆಫ್ ಆಗಿದ್ದವನು ಟ್ರೈಸಿಕಲ್ ಎಂಬ ಮೂರುಗಾಲಿ ಬಾಡಿಗೆ ಗಾಡಿ ಓಡಿಸುವ ಎಫ್ರೆನ್. ಹಗಲೆಲ್ಲ ಗಾಡಿ ಓಡಿಸಿ, ನೇರ ಮೆರವಣಿಗೆಗೆ ಬಂದವನು. ಮುಚ್ಚಿದ ಬಾಗಿಲಿನ ಮುಂದೆ ನಿಂತದ್ದೇ ತಡ, ಅವನ ತಲೆಯಿಂದ ಪದ್ಯವೆಲ್ಲ ಹಾರಿಹೋಯಿತು. ಮುಚ್ಚಿದ ಬಾಗಿಲು ಕಂಡರೆ ಹುಟ್ಟಿದಾಗಿನಿಂದ ಏನು ಹೇಳಿಕೊಂಡು ಬಂದಿದ್ದನೋ ಅದೇ ಬಾಯಿಗೆ ಬಂತು.

“ತಾವೊ ಪೊ!”

‘ಮನುಷ್ಯ ಬಂದಿದ್ದೀನಿ, ಸ್ವಾಮಿ’ ಎಂದು ಅದರ ಅರ್ಥ. ಆ ದೇಶದಲ್ಲಿ ಯಾರ ಮನೆಗೆ ಹೋದರೂ, ತಾನು ದೆವ್ವವಲ್ಲ ಎಂದು ಹೀಗೆ ಖಾತ್ರಿ ಕೊಟ್ಟೇ ನಿಲ್ಲುವುದು. ಅದು ಕಿವಿಗೆ ಬಿದ್ದರೆ ಒಳಗಿನವರ ನಾಲಿಗೆ ಯಜಮಾನನ ಅಪ್ಪಣೆಗೆ ಕಾಯುವುದಿಲ್ಲ. ಹದಿನಾರು ದಿನದ ತಾಲೀಮು, ನಾಲ್ಕು ಸಾಲಿನ ಪದ್ಯ, ಬೆತ್ಲೆಹೇಮಿನ ಕಲ್ಲೆದೆ, ಎಲ್ಲವೂ ಒಂದೇ ಕ್ಷಣದಲ್ಲಿ ಆವಿಯಾಗಿ, ಕಾರ್ಪಿಯೊ ಬಾಗಿಲನ್ನು ದಡಾರನೆ ತೆರೆದ.

“ಬನ್ನಿ, ಬನ್ನಿ! ಒಳಗ್ ಬನ್ನಿ!”

ಗಿಟಾರಿನವನು ಕತ್ತು ಚಾಚಿ ಒಳಗೆ ನೋಡಿದ. ಅಷ್ಟು ವರ್ಷಗಳ ಸಂಪ್ರದಾಯದಲ್ಲಿ ಯಜಮಾನನೊಬ್ಬ ಬಾಗಿಲು ತೆರೆದದ್ದು ಅದೇ ಮೊದಲು! ಎಫ್ರೆನ್ ಕಂಗಾಲಾಗಿ ಮರಿಯಳ ಮುಖ ನೋಡಿದ. ಮರಿಯಳಾಗಿದ್ದವಳು ಬೇಕರಿಯ ಲಿವೈವೈ. ಹೊಟ್ಟೆಗೆ ದಿಂಬು ಕಟ್ಟಿಕೊಂಡು, ಮಧ್ಯಾಹ್ನದಿಂದ ಉಪವಾಸವಿದ್ದ ಹುಡುಗಿ.

“ಏನ್ ಮಾಡೋದೇ?” ಎಂದ ಜೋಸೆಫ್, ಪಿಸುಮಾತಿನಲ್ಲಿ.

“ಕರೀತಿದ್ದಾರಲ್ಲೋ! ಹೋಗದೆ ಇದ್ರೆ ತಪ್ಪು ತಿಳ್ಕೊಳ್ಳಲ್ವಾ?” ಎಂದಳು ದೇವಮಾತೆ, ಚಪ್ಪಲಿ ಬಿಡುತ್ತ.

ಅಷ್ಟೇ! ಅವರ ಹಿಂದೆ ಫಾದರ್, ಫಾದರ್ ಹಿಂದೆ ಗಾಯನ ಮಂಡಳಿ, ಮಂಡಳಿಯ ಹಿಂದೆ ರೆಕ್ಕೆ ಕಟ್ಟಿದ ಏಳು ದೇವದೂತರು, ದೂತರ ಹಿಂದೆ ಅವರ ತಾಯಂದಿರು. ಅಂಗಳದಲ್ಲಿ ಚಪ್ಪಲಿಗಳ ಗುಡ್ಡವೆದ್ದಿತು. ಈಗಲಾದರೂ ಕಾರ್ಪಿಯೊ ನಾಲಿಗೆ ಕಚ್ಚಿಕೊಳ್ಳಬಹುದಿತ್ತು. ಆದರೆ ನಾಲಿಗೆ ಅವನ ಕೈಮೀರಿತ್ತು. “ಊಟ ಆಯ್ತಾ ಫಾದರ್?” ಎಂದುಬಿಟ್ಟ. ಆಮೇಲೆ ಅಭ್ಯಾಸಬಲದಿಂದ ಅಡುಗೆಮನೆಯ ಕಡೆ ತಿರುಗಿದ.

“ಲೂಮಿಂಗ್, ಇನ್ನೊಂದು...”

ಅಡುಗೆಮನೆಯ ಬಾಗಿಲಲ್ಲಿ ಹನ್ನೆರಡು ಸುರುಳಿಗಳು ನಿಂತಿದ್ದವು. ಅವುಗಳ ಕೆಳಗೆ ಲೂಮಿಂಗ್.

“ಇನ್ನೊಂದು ಏನು, ಕಾರ್ಪಿಯೊ?”

“...ಅರುವತ್ತು ತಟ್ಟೆ” ಎಂದ ಕಾರ್ಪಿಯೊ, ಕ್ಷೀಣವಾಗಿ.

ಲೂಮಿಂಗ್ ಅವನನ್ನು ಗಡ್ಡದಲ್ಲೇ ಹಿಡಿದು ಒಳಗೆಳೆದಳು. ಊರಿನ ಕಾಲು ಭಾಗ ಅವಳ ಕೈಗೆ ಕಿತ್ತುಬಂತು.

“ನಾಲ್ಕು ಸಾಲು! ನಾಲ್ಕೇ ಸಾಲು ಹೇಳೋದಿತ್ತು ನಿಂಗೆ. ಅದರಲ್ಲಿ ಮೊದಲ ಎರಡು ಪದಾನೂ ‘ಇಲ್ಲ’!”

“ಅವನು ‘ತಾವೊ ಪೊ’ ಅಂದ್ಬಿಟ್ಟ ಕಣೇ! ಅಂದವರನ್ನ ಬಾಗಿಲಲ್ಲಿ ನಿಲ್ಸೋಕಾಗತ್ತಾ? ಮನೆ ಮರ್ಯಾದೆ ಅಂತ ಒಂದಿಲ್ವಾ?”

“ಮರ್ಯಾದೆ ನಿಂದು, ಮುಸುರೆ ನಂದು.”

“ಯೋಚನೆ ಮಾಡು ಲೂಮಿಂಗ್. ಸಾಕ್ಷಾತ್ ದೇವರ ತಾಯಿಗೇ ಜಾಗ ಕೊಟ್ಟಂಗಾಯ್ತಲ್ಲ! ಬೆತ್ಲೆಹೇಮಿನ ಆ ಪಾಪಿ ಆವತ್ತು ‘ಇಲ್ಲ’ ಅಂದು ಎಂಥ ಪುಣ್ಯ ಕಳ್ಕೊಂಡ!”

“ಅಂದವನು ಅವನು ಅಂತ ನಿಂಗ್ಯಾರು ಹೇಳಿದ್ದು? ಅವನ ಹೆಂಡತಿ ಅಂದಿರ್ತಾಳೆ. ಆವತ್ತು ಬೆತ್ಲೆಹೇಮಲ್ಲಿ ರಾಜನ ಜನಗಣತಿ ಅಂತ ಊರು ತುಂಬ ನೆಂಟರು. ಬೆಳಗಿಂದ ನೀರು ಹೊತ್ತು, ಹಿಟ್ಟು ನಾದಿ, ಒಲೆ ಆರಿಸಿ ಆಗಷ್ಟೇ ಕೂತಿರ್ತಾಳೆ. ಅವಳನ್ನ ಯಾರೂ ಕೇಳಲಿಲ್ಲ, ಪುಸ್ತಕದಲ್ಲಿ ಬರೀಲೂ ಇಲ್ಲ. ಸರಿ, ಸರಿ, ದಾರಿ ಬಿಡು. ಮಕ್ಕಳು ಹಸ್ಕೊಂಡಿದಾವೆ.”

ಎಂಟು ಜನದ ಹಂದಿ ತೊಡೆ ಅರುವತ್ತು ಜನಕ್ಕೆ ಹಾಳೆಯಷ್ಟು ತೆಳ್ಳಗೆ ಹೆಚ್ಚಿಕೊಂಡಿತು. ಶ್ಯಾವಿಗೆಗೆ ಎಲೆಕೋಸು ಸೇರಿತು, ಕ್ಯಾರೆಟ್ ಸೇರಿತು, ಕೊನೆಗೆ ಬಿಸಿನೀರೂ ಸೇರಿತು. ದೇವದೂತರು ರೆಕ್ಕೆಗಳನ್ನು ಕುರ್ಚಿಗೆ ಆನಿಸಿ ಕಡುಬಿಗೆ ಕೈಹಾಕಿದರು. ಅತಿಥಿ ಎಂದರೆ ಅತಿಯಾಗಿ ತಿನ್ನುವವನು ಎಂಬ ಅರ್ಥ ಅಂದು ಹುಟ್ಟಿತು. ಜನ ಹೊಗಳಿದ್ದೇ ಹೊಗಳಿದ್ದು.

“ಮಾಂಗ್ ಕಾರ್ಪಿಯೊ, ನಿಮ್ಮ ಕೈಗುಣಾನೇ ಬೇರೆ!”

“ಏನೋ, ಇದ್ದಿದ್ರಲ್ಲಿ ಮಾಡಿದ್ದೀವಿ” ಎಂದು ಕಾರ್ಪಿಯೊ ವಿನಯದಿಂದ ಬಾಗಿದ. ಒಲೆಯ ಮುಂದಿನಿಂದ ಸೌಟು ಬಾಣಲೆಗೆ ಬಡಿದ ಸದ್ದು ಕೇಳಿತು, ಸ್ವಲ್ಪ ಜೋರಾಗಿಯೇ.

ಅಷ್ಟರಲ್ಲಿ ಬಾಗಿಲಲ್ಲಿ ಚಿನ್ನದ ಕಾಗದದ ಪೇಟ ಸುತ್ತಿದ ಒಬ್ಬ ಕೆಂಡಾಮಂಡಲವಾಗಿ ನಿಂತ. ಎರಡನೆಯ ಮನೆಯ ಯಜಮಾನ, ಮಾಂಗ್ ಉರ್ಬಾನೊ.

“ಇದೇನ್ರಯ್ಯ! ಮುಕ್ಕಾಲು ಗಂಟೆಯಿಂದ ಉಪ್ಪರಿಗೆ ಮೇಲೆ ನಿಂತು ಕಾಯ್ತಿದ್ದೀನಿ! ಬರೋರನ್ನ ಬೈಯೋಣ ಅಂದ್ರೆ ಬರೋರೇ ಇಲ್ಲ! ನನ್ನ ಕೋಪಕ್ಕೆ ಏನು ಬೆಲೆ?”

“ಕೋಪ ಆಮೇಲೆ ಮಾಡ್ಕೊಳ್ಳಿ. ಮೊದಲು ಕೂತ್ಕೊಳ್ಳಿ” ಎಂದ ಕಾರ್ಪಿಯೊ. “ಲೂಮಿಂಗ್, ಇನ್ನೊಂದು ತಟ್ಟೆ!”

ಉರ್ಬಾನೊ ಎರಡು ಸಲ ಬಡಿಸಿಕೊಂಡ.

ಗೋಡೆಯ ಗಡಿಯಾರ ಏಳೂಮುಕ್ಕಾಲು ತೋರಿಸಿದಾಗ ಫಾದರ್ ಸಿಲ್ವೆರಿಯೊ ಮಂಡಿ ಹಿಡಿದುಕೊಂಡು ಎದ್ದರು. “ನಡೀರಿ, ನಡೀರಿ! ಇನ್ನೂ ಎರಡು ಮನೆಯವರು ನಮ್ಮನ್ನ ಓಡಿಸಬೇಕು. ಮರಿಯ ಎಲ್ಲಿ?”

ಮರಿಯ ಸೋಫಾದ ಮೇಲೆ ಮಲಗಿದ್ದಳು. ದಿಂಬು ಹೊಟ್ಟೆಯಿಂದ ಜಾರಿ ತಲೆಯ ಕೆಳಗೆ ಬಂದಿತ್ತು. ಆದರೂ ಹೊಟ್ಟೆ ಅಷ್ಟೇ ದಪ್ಪಗಿತ್ತು. ಹನ್ನೊಂದು ಕಡುಬು!

“ಏಳೋಕಾಗಲ್ಲ ಫಾದರ್” ಎಂದು ನರಳಿದಳು ಲಿವೈವೈ. “ಎದ್ದರೆ ಇಲ್ಲೇ ಹೆರಿಗೆ ಆಗತ್ತೆ.”

ಗಲಿಬಿಲಿ ಎದ್ದಿತು. ಮರಿಯ ಇಲ್ಲದೆ ಮೆರವಣಿಗೆ ಹೊರಡುವಂತಿಲ್ಲ, ಮೆರವಣಿಗೆ ಬಾರದೆ ಪೂಜೆ ಶುರುವಾಗುವಂತಿಲ್ಲ. ಬೇರೆ ಹುಡುಗಿಯರಿಗೆ ಯಾರಿಗೂ ಹಾಡು ಬರದು. ಎಫ್ರೆನ್ ತನ್ನ ಪದ್ಯವನ್ನೇ ಅಂಗೈ ಮೇಲೆ ಬರೆದುಕೊಳ್ಳುತ್ತಿದ್ದ.

“ನಂಗೆ ಬರತ್ತೆ” ಎಂದಿತು ಒಂದು ದನಿ. ಲೂಮಿಂಗ್ ಕೈ ಒರೆಸಿಕೊಳ್ಳುತ್ತ ಬಂದಿದ್ದಳು. “ಹದಿನಾರು ದಿನದಿಂದ ಅಕ್ಕಿ ಆರಿಸ್ತಾ ಅದನ್ನೇ ತಾನೆ ಹಾಡಿದ್ದು.”

ಫಾದರ್ ಗಂಟಲು ಸರಿಮಾಡಿಕೊಂಡರು. “ಸಂತೋಷ, ಆಲಿಂಗ್ ಲೂಮಿಂಗ್. ಆದರೆ ಮರಿಯ ಅಂದ್ರೆ... ವಯಸ್ಸು... ನಿಮಗೀಗ ನಲವತ್ತೊಂಬತ್ತಲ್ವಾ?”

“ಅವಳ ಬಂಧು ಎಲಿಜಬೆತಳು ಮುದುಕಿಯಾದ್ಮೇಲೆ ಹೆತ್ತಳು ಅಂತ ಹೋದ ಭಾನುವಾರ ತಾವೇ ಹೇಳಿದ್ರಿ, ಫಾದರ್. ನಾನು ಕೊನೇ ಐದು ನಿಮಿಷಕ್ಕೆ ಬಂದೆ, ಆದರೂ ಕೇಳಿಸ್ತು.”

ಫಾದರ್ ತಲೆಯಾಡಿಸಿ ಒಪ್ಪಿದರು. ನೀಲಿ ಮುಸುಕು ಹನ್ನೆರಡು ಸುರುಳಿಗಳ ಮೇಲೆ ಏರಿತು. ದಿಂಬು ಬೇಕೇ ಎಂದು ಯಾರೋ ಕೇಳಿದರು. “ಬೇಡ, ಇರೋದೇ ಸಾಕು” ಎಂದಳು ಲೂಮಿಂಗ್. ಎಫ್ರೆನ್ ಭಯಭಕ್ತಿಯಿಂದ ತೋಳು ಚಾಚಿದ.

“ಲೂಮಿಂಗ್!” ಕಾರ್ಪಿಯೊ ಹಿಂದೆ ಓಡಿದ. “ಈ ತಟ್ಟೆಗಳು? ನಿನ್ನ ತಂಗಿಯರು ಬರ್ತಾರಲ್ಲ, ಅವರಿಗೆ ಊಟ? ನಾನೇನು ಮಾಡಲಿ?”

ಅವಳು ಏಪ್ರನ್ ಬಿಚ್ಚಿ ಅವನ ನಿಲುವಂಗಿಯ ಮೇಲೆ ಕಟ್ಟಿದಳು. ಗಂಟು ಬಿಗಿಯಾಗಿತ್ತು.

“ಬೆತ್ಲೆಹೇಮಿನವನ ಹೆಂಡತಿ ಏನ್ ಮಾಡಿದ್ಲೋ ಅದನ್ನೇ.”

ಮೆರವಣಿಗೆ ಹೊರಟಿತು. ಉರ್ಬಾನೊ ತೇಗುತ್ತ ಮುಂದೆ ಓಡಿ ತನ್ನ ಉಪ್ಪರಿಗೆ ಏರಿದ. ಅಲ್ಲಿಂದ ಅವನು “ಇಲ್ಲ, ಜಾಗವಿಲ್ಲ!” ಎಂದು ಹಾಡಿದಾಗ ಮರಿಯಳ ಮುಖದಲ್ಲಿ ದುಃಖ ಮೂಡಬೇಕಿತ್ತು. ಅಂಥ ಪ್ರಸನ್ನ ಮುಖದ ಮರಿಯಳನ್ನು ಯಾರೂ ನೋಡಿರಲಿಲ್ಲ ಎಂದು ಆಮೇಲೆ ಎಲ್ಲರೂ ಹೇಳಿದರು. ಒಬ್ಬರೂ ಒಳಗೆ ಬಾ ಎನ್ನುತ್ತಿಲ್ಲ, ಒಬ್ಬರ ಅಡುಗೆಮನೆಗೂ ಹೋಗುವಂತಿಲ್ಲ! ಮೂರನೆಯ ಮನೆಯವರು ಬಾಗಿಲು ಬಡಿದು ಮುಚ್ಚಿದಾಗ ಅವಳು “ಧನ್ಯವಾದ” ಎಂದಳಂತೆ. ಅದು ಹಾಡಿನಲ್ಲಿರಲಿಲ್ಲ.

ಇತ್ತ ಕಾರ್ಪಿಯೊ ತೊಟ್ಟಿಯ ಮುಂದೆ ನಿಂತ. ತಟ್ಟೆ ಎಂಬುದಕ್ಕೆ ಎರಡು ಮುಖಗಳಿವೆ, ಎರಡನ್ನೂ ತೊಳೆಯಬೇಕು ಎಂಬುದು ಅವನಿಗೆ ಹತ್ತನೆಯ ತಟ್ಟೆಯ ಹೊತ್ತಿಗೆ ಹೊಳೆಯಿತು. ಒಂಬತ್ತನ್ನು ಮತ್ತೆ ತೊಳೆದ. ಉಜ್ಜುವ ನಾರು ಎಲ್ಲಿದೆ ಎಂದು ಸೋಫಾದ ಕಡೆ ಕೂಗಿ ಕೇಳಿದ. “ನಂಗೇನ್ ಗೊತ್ತು ಅಂಕಲ್, ನಿಮ್ಮನೆ ಅಲ್ವಾ?” ಎಂದಳು ಲಿವೈವೈ, ಕಣ್ಣು ತೆರೆಯದೆ. ನಿಮ್ಮನೆ! ಇಪ್ಪತ್ತಮೂರು ವರ್ಷ ಬಾಳಿದ ಮನೆಯಲ್ಲಿ ಅವನು ನಾರು ಹುಡುಕುತ್ತ ಪರದೇಶಿಯಂತೆ ಅಲೆದ. ಅಂಟಕ್ಕಿ ಬೇಯಿಸಿದ ಪಾತ್ರೆಯಂತೂ ಅಂಟಿದ್ದನ್ನು ಬಿಡಲೊಲ್ಲದು. ಗಡ್ಡದ ಉಳಿದ ಮುಕ್ಕಾಲು ಭಾಗ ಕಳಚಿ ಬಚ್ಚಲಿಗೆ ಸಿಕ್ಕಿಕೊಂಡಿತು. ನೀರು ಕಾಲಿನ ಮೇಲೆ ಹರಿಯಿತು.

ಮೂವತ್ತನಾಲ್ಕನೆಯ ತಟ್ಟೆಯಲ್ಲಿದ್ದಾಗ ಬಾಗಿಲಲ್ಲಿ ಸದ್ದಾಯಿತು.

“ತಾವೊ ಪೊ!”

ಪಕ್ಕದ ಊರಿನ ಬ್ಯಾಂಡಿನವರು. ಮೆರವಣಿಗೆಗೆ ತಡವಾಗಿ ಬಂದ ಒಂಬತ್ತು ಜನ. “ಮಾಂಗ್ ಕಾರ್ಪಿಯೊ, ಇಲ್ಲಿ ಊಟ ಇದೆಯಂತೆ?”

ಕಾರ್ಪಿಯೊ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದ. ಒಂಬತ್ತು ಬಾಯಿಗಳನ್ನು ನೋಡಿದ. ಅವನ ಕಣ್ಣಿಗೆ ಒಂಬತ್ತು ತಟ್ಟೆ, ಒಂಬತ್ತು ಲೋಟ, ಒಂಬತ್ತು ಚಮಚ ಕಂಡವು. ಹೊಕ್ಕುಳ ಆಳದಿಂದ ದನಿ ಎದ್ದಿತು.

“ಇಲ್ಲಾ! ಇಲ್ಲಾ! ಜಾಗವಿಲ್ಲಾ! ಮುಂದೆ ನಡೆಯಿರಿ!”

ನಾಲ್ಕೂ ಸಾಲು, ಒಂದಕ್ಷರ ತಪ್ಪಲಿಲ್ಲ. ಕೊನೆಯ ಸಾಲಿಗೆ ಅಳುವೂ ಬಂತು. ಬಾಗಿಲು ಮುಚ್ಚಿಕೊಂಡಿತು. ಹೊರಗೆ ಚಪ್ಪಾಳೆ ಬಿತ್ತು.

“ಏನ್ ಅಭಿನಯಾರೀ!” ಎಂದ ತುತ್ತೂರಿಯವನು. “ಮೈ ಜುಂ ಅಂತು!”

ಪಾತ್ರೆ ಒಂದನ್ನು ನೆನೆಹಾಕಿ ಕಾರ್ಪಿಯೊ ಇಗರ್ಜಿಗೆ ಓಡುವಾಗ ಜನ ಪ್ರಸಾದಕ್ಕೆ ಸಾಲು ನಿಂತಿದ್ದರು. ಅಂಗಿಯ ತೋಳು ಒದ್ದೆ, ಕೈಬೆರಳು ಸುಕ್ಕು, ಗಲ್ಲದ ಮೇಲೆ ಯಾರದೋ ನಾಲ್ಕು ಬಿಳಿ ಕೂದಲು. ಒಳಗೆ ಹೋಗಲು ಜಾಗವಿರಲಿಲ್ಲ. ಹಿಂದಿನ ಕಂಬದ ಬಳಿ ಹತ್ತು ಹನ್ನೆರಡು ಹೆಂಗಸರು ಗುಂಪಾಗಿ ನಿಂತಿದ್ದರು. ಯಾರ ತಲೆಯೂ ಬಾಚಿರಲಿಲ್ಲ, ಎಲ್ಲರ ತೋಳುಗಳಿಂದ ಬೆಳ್ಳುಳ್ಳಿ ಘಮ್ಮೆನ್ನುತ್ತಿತ್ತು. ಕಾರ್ಪಿಯೊ ಇಷ್ಟು ವರ್ಷ ಮುಂದಿನ ಬೆಂಚಿನಲ್ಲಿ ಕೂತವನು, ಇಂಥದೊಂದು ಕಂಬ ಇರುವುದೇ ಅವನಿಗೆ ಗೊತ್ತಿರಲಿಲ್ಲ.

ಗುಂಪಿನ ಹಿರಿಯಳು, ಪಕ್ಕದ ಮನೆಯ ಅಜ್ಜಿ ಬೇಬಾಂಗ್, ಅವನ ಒದ್ದೆ ತೋಳು ಮೂಸಿ ನೋಡಿ ಸರಿದು ಜಾಗ ಮಾಡಿಕೊಟ್ಟಳು.

“ಬಾ, ಇಲ್ಲಿ ನಿಂತ್ಕೊ. ಪಾತ್ರೆ ಮುಗೀತಾ?”

“ಒಂದನ್ನ ನೆನೆಹಾಕಿದ್ದೀನಿ ಅಜ್ಜಿ.”

“ಎಲ್ಲರೂ ಹಾಗೇ ಹೇಳೋದು. ಕಂಬಕ್ಕೆ ಒರಗಿಕೋ, ಸೊಂಟಕ್ಕೆ ಒಳ್ಳೇದು.”

ಅವನು ಕತ್ತು ಉದ್ದ ಮಾಡಿ ನೋಡಿದ. ಮೊದಲ ಸಾಲಿಗಿಂತಲೂ ಮುಂದೆ, ಪೀಠದ ಪಕ್ಕದಲ್ಲೇ, ಗೋದಲಿಯ ಹುಲ್ಲಿನ ಮೇಲೆ ಲೂಮಿಂಗ್ ಕೂತಿದ್ದಳು. ಕೆನ್ನೆ ಅಂಗೈಯಲ್ಲಿ, ಕಣ್ಣು ಮುಚ್ಚಿತ್ತು, ತುಟಿ ಒಂದಿಷ್ಟು ತೆರೆದಿತ್ತು. ಒಬ್ಬ ದೇವದೂತ ಹಾಡಿನ ಪುಸ್ತಕದಿಂದ ಅವಳಿಗೆ ಗಾಳಿ ಬೀಸುತ್ತಿದ್ದ. ಮುಂದಿನ ಸಾಲಿನ ಗಂಡಸರು ಕಣ್ಣೊರೆಸಿಕೊಳ್ಳುತ್ತಿದ್ದರು. “ಎಂಥಾ ಧ್ಯಾನ! ಮೊದಲ ಹಾಡಿನಿಂದ ಹೀಗೇ ಕೂತಿದ್ದಾಳೆ. ಕದಲಿಲ್ಲ, ಮಿಸುಕಲಿಲ್ಲ” ಎಂಬ ಪಿಸುಮಾತು ಕಂಬದವರೆಗೂ ಬಂತು.

ಅಷ್ಟು ದೂರದಿಂದಲೂ ಕಾರ್ಪಿಯೊಗೆ ಆ ಧ್ಯಾನದ ಸಣ್ಣ ಶಿಳ್ಳೆ ಕೇಳಿಸಿತು. ಆ ಗೊರಕೆ ಅವನಿಗೆ ಚಿರಪರಿಚಿತ!

“ಅಯ್ಯೋ ಅಜ್ಜಿ, ಅವಳು ನಿದ್ದೆ ಹೋಗಿದ್ದಾಳೆ! ಪೂಜೆ ಮೊದಲಿಂದ ನೋಡಬೇಕು ಅಂತ ಇಪ್ಪತ್ತಮೂರು ವರ್ಷದಿಂದ ಆಸೆ ಇಟ್ಕೊಂಡಿದ್ಲು. ಹೋಗಿ ಎಬ್ಬಿಸಲಾ?”

ಬೇಬಾಂಗ್ ಅವನ ಏಪ್ರನ್ನಿನ ಗಂಟು ಹಿಡಿದು ಹಿಂದಕ್ಕೆ ಎಳೆದಳು. ಕಾರ್ಪಿಯೊಗೆ ಆಗ ನೆನಪಾಯಿತು, ಅದನ್ನು ಬಿಚ್ಚಿರಲಿಲ್ಲ.

“ಸುಮ್ನೆ ನಿಂತ್ಕೊಳ್ಳೋ. ಎರಡು ಸಾವಿರ ವರ್ಷದಿಂದ ಎಲ್ಲಾರೂ ಮಗು ಮಲಗಲಿ, ಮಗು ಮಲಗಲಿ ಅಂತಾನೇ ಹಾಡ್ತಿದ್ದಾರೆ. ತಾಯಿ ಮಲಗಿದ್ದನ್ನ ನಾನು ಇವತ್ತೇ ನೋಡ್ತಿರೋದು.”

ಕಂಬದ ಸುತ್ತ ನಿಂತಿದ್ದ ಹೆಂಗಸರೆಲ್ಲ ಒಟ್ಟಿಗೆ ಅವನತ್ತ ತಿರುಗಿ ತುಟಿಯ ಮೇಲೆ ಬೆರಳಿಟ್ಟರು. ಕಾರ್ಪಿಯೊ ಬಾಯಿ ಮುಚ್ಚಿದ. ಅದೂ ಮೊದಲ ಸಲವೇ!